ಮಾತ್ರೆ ತಗೋತಿದ್ದೀಯ ತಾನೆ?

ಚಳ್ಳಕೆರೆ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನನ್ನ ಕೆಲಸ. ಸರ್ಕಾರಿ ಕಾಗದದಲ್ಲಿ ನಮ್ಮ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು. ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತಿತ್ತು. ಊರಿನವರಿಗೆ ಆವತ್ತೂ ಸಿಸ್ಟರ್, ಈವತ್ತೂ ಸಿಸ್ಟರ್. ಗುರುವಾರ ಲಸಿಕೆ, ಉಳಿದ ದಿನ ಮನೆ ಭೇಟಿ, ಗರ್ಭಿಣಿಯರ ತಪಾಸಣೆ, ಬಿಪಿ, ಶುಗರ್. ರಾತ್ರಿ ಕೂತು ಆನ್‌ಲೈನ್ ಎಂಟ್ರಿ. ಅದರ ಕಥೆ ಬೇಡ ಬಿಡಿ.

ನಾನು ಹೇಳೋಕೆ ಹೊರಟಿದ್ದು ಐರನ್ ಮಾತ್ರೆ ವಿಷಯ. ಊರಲ್ಲಿ ಅದಕ್ಕೆ ರಕ್ತದ ಮಾತ್ರೆ ಅಂತಾರೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಮಾತ್ರೆ, ಹೆರಿಗೆ ಆದಮೇಲೆ ಮತ್ತೆ 180 ದಿನ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣದ ಅಂಶ. ಎಚ್‌ಬಿ, ಅಂದರೆ ರಕ್ತದಲ್ಲಿರೋ ಹಿಮೋಗ್ಲೋಬಿನ್, 11 ಗ್ರಾಂಗಿಂತ ಕಮ್ಮಿ ಇದ್ದರೆ ದಿನಕ್ಕೆ ಎರಡು. ಇಷ್ಟೆಲ್ಲ ಕೊಟ್ಟರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತ ಕಮ್ಮಿ. ಹಾಗಾದರೆ ಮಾತ್ರೆ ಎಲ್ಲಿ ಹೋಗುತ್ತೆ? ನನಗೆ ಅದು ಒಂದು ಮನೆಯ ಗೂಡಿನಲ್ಲಿ ಸಿಕ್ಕಿತು.

ಚೊಚ್ಚಲ ಬಸುರಿ, ಇಪ್ಪತ್ತೆರಡು ವರ್ಷ. ಐದನೇ ತಿಂಗಳಲ್ಲಿ ಎಚ್‌ಬಿ 9.2 ಇತ್ತು. ದಿನಕ್ಕೆ ಎರಡರಂತೆ ಮಾತ್ರೆ ಕೊಟ್ಟೆ, ತಾಯಿ ಕಾರ್ಡಿನಲ್ಲಿ ಬರೆದೆ. ಮುಂದಿನ ತಿಂಗಳು 9.1. ಒಂದು ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ಡಾಕ್ಟರ ಹತ್ತಿರ ಕಳಿಸಬೇಕು. ನಾನು ಇನ್ನೊಂದು ತಿಂಗಳು ನೋಡೋಣ ಅಂದುಕೊಂಡೆ. ಅದು ನನ್ನ ತಪ್ಪು. ಏಳನೇ ತಿಂಗಳಲ್ಲಿ 8.7 ಬಂತು. ಮೀಟರ್ ಕೆಟ್ಟಿರಬೇಕು ಅಂತ ನನ್ನ ಬೆರಳಿಗೇ ಚುಚ್ಚಿಕೊಂಡು ನೋಡಿದೆ. 12.4. ಮೀಟರ್ ಸರಿಯಾಗೇ ಇತ್ತು.

ಪ್ರತಿ ಸಲ ನಾನು ಕೇಳುತ್ತಿದ್ದೆ. "ಮಾತ್ರೆ ತಗೋತಿದ್ದೀಯ ತಾನೆ?" ಅವಳು ಪ್ರತಿ ಸಲ "ಹೂಂ ಸಿಸ್ಟರ್" ಅನ್ನುತ್ತಿದ್ದಳು. ನಾನು ಟಿಕ್ ಹಾಕುತ್ತಿದ್ದೆ.

ಮಾರನೇ ದಿನ ಊರಿನ ಆಶಾ ಕಾರ್ಯಕರ್ತೆ, ಆಶಾ ಅಕ್ಕನ ಜೊತೆ ಆ ಹುಡುಗಿಯ ಮನೆಗೆ ಹೋದೆ. ಶೇಂಗಾ ಕೀಳೋ ಕಾಲ. ಅಂಗಳದಲ್ಲಿ ಬಳ್ಳಿ ರಾಶಿ, ಮನೆಯೊಳಗೆಲ್ಲ ಹಸಿ ಮಣ್ಣಿನ ವಾಸನೆ. ಅತ್ತೆ ಕಾಯಿ ಬಿಡಿಸುತ್ತಾ ಕೂತಿದ್ದರು. ನೀರು ಕೇಳಿದೆ. ಹುಡುಗಿ ಒಳಗೆ ಹೋದಳು. ಗೋಡೆಯ ಗೂಡಿನಲ್ಲಿ ಎಣ್ಣೆ ಶೀಸೆ, ಬಾಚಣಿಗೆ, ಅದರ ಹಿಂದೆ ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆ ಪಟ್ಟಿಗಳು. ಧೂಳು ಕೂಡ ಕೂತಿತ್ತು. ಬಿಚ್ಚಿ ನೋಡಿದೆ. ಮೇಲಿನ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಖಾಲಿ. ಉಳಿದವು ಹಾಗೇ ಇದ್ದವು.

ಬೈಯೋಕೆ ಬಾಯಿ ತೆರೆದಿದ್ದೆ. ಆಶಾ ಅಕ್ಕ ಮೊಣಕೈಯಿಂದ ತಿವಿದಳು. ಅದಕ್ಕೇ, "ನಾಲ್ಕು ತಿಂದಿದ್ದೀಯಲ್ಲ, ಆಮೇಲೆ ಏನಾಯ್ತು?" ಅಂತಷ್ಟೇ ಕೇಳಿದೆ.

ಅವಳು ಅತ್ತೆ ಕಡೆ ನೋಡಿದಳು. ಅತ್ತೇನೇ ಹೇಳಿದರು. "ಎರಡು ದಿನ ತಿಂದ್ಲು ಕಣಮ್ಮ. ಮೂರನೇ ದಿನ ಕಕ್ಕಸಿಗೆ ಕರ್ರಗೆ ಹೋಯ್ತಂತೆ, ಟಾರ್ ಇದ್ದಂಗೆ. ಹೆದರಿಕ್ಯಂಡು ಅತ್ತೇ ಬಿಟ್ಲು. ಒಳಗೆ ಕೂಸಿಗೆ ಏನಾರ ಆಗೈತೇನೋ ಅಂತ ನಾನೇ ನಿಲ್ಸಿದೆ."

ತಪ್ಪು ಯಾರದು? ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗೆ ಹೋಗುತ್ತೆ. ಮೈಗೆ ಸೇರದೆ ಉಳಿದ ಕಬ್ಬಿಣ ಹಾಗೆ ಹೊರಗೆ ಬರುತ್ತೆ, ಅಷ್ಟೇ. ಇದು ನನಗೆ ಟ್ರೇನಿಂಗ್ ಕಾಲದಿಂದ ಗೊತ್ತು. ಎಷ್ಟು ಗೊತ್ತು ಅಂದರೆ ಹೇಳಬೇಕು ಅಂತಲೇ ಅನ್ನಿಸಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ. "ನೀವು ತಗೋತಿದ್ದೀಯ ತಾನೆ ಅಂತ ಕೇಳ್ತೀರಿ. ಎಲ್ಲರ ಮುಂದೆ ಇಲ್ಲ ಅಂತ ಹೆಂಗೆ ಹೇಳ್ಲಿ ಸಿಸ್ಟರ್?" ಅಂದಳು.

ಆ 'ತಾನೆ' ನನ್ನ ತಲೆಯಲ್ಲಿ ಕೂತುಬಿಟ್ಟಿತು. ಉತ್ತರಾನೂ ನಾನೇ ಕೊಟ್ಟು ಪ್ರಶ್ನೆ ಕೇಳುತ್ತಿದ್ದೆ. ಎದುರಿಗಿರೋ ಹುಡುಗಿಗೆ ತಲೆ ಆಡಿಸೋದು ಬಿಟ್ಟು ಬೇರೆ ದಾರಿ ಎಲ್ಲಿತ್ತು?

ಆವತ್ತೇ ಅವಳನ್ನು ಡಾಕ್ಟರಿಗೆ ತೋರಿಸಿದೆವು. ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡ್ರಿಪ್‌ನಲ್ಲಿ ಐರನ್ ಇಂಜೆಕ್ಷನ್ ಹಾಕಿದರು. ಹೆರಿಗೆ ಹೊತ್ತಿಗೆ ಎಚ್‌ಬಿ 10 ದಾಟಿತ್ತು. ಹೆಣ್ಣು ಮಗು, 2.6 ಕೆಜಿ.

ಆಮೇಲಿಂದ ಪಟ್ಟಿ ಕೈಗೆ ಕೊಡುವಾಗಲೇ ಹೇಳುತ್ತೇನೆ. ಕಪ್ಪಗೆ ಹೋಗುತ್ತೆ, ಹೆದರಬೇಡ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದಮೇಲೆ ತಗೋ. ಚಹಾ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಎರಡೂ ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡಲ್ಲ. ಚಹಾ ವಿಷಯ ಮಾತ್ರ ಕಷ್ಟ. ಹೊಲದ ಕೆಲಸದಲ್ಲಿ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯೋರಿಗೆ ಮಾತ್ರೆಗೆ ಅಂತ ಎರಡು ಗಂಟೆ ಬಿಡಿ ಅಂದರೆ ನಗುತ್ತಾರೆ. ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ ಅಂದರೆ ಒಪ್ಪುತ್ತಾರೆ. ಇದೆಲ್ಲ ಹೇಳುವಾಗ ಅತ್ತೆ ಪಕ್ಕದಲ್ಲಿ ಇರಬೇಕು. ಮಾತ್ರೆ ತಿನ್ನೋದು ಸೊಸೆ ಆದರೂ ನಿಲ್ಲಿಸೋ ಅಧಿಕಾರ ಅವರದು.

ಪ್ರಶ್ನೆಯನ್ನೂ ಬದಲಾಯಿಸಿದೆ. "ಮನೇಲಿ ಇನ್ನೂ ಎಷ್ಟು ಉಳಿದಿದಾವೆ?" ಉಳಿದಿರೋದು ಸಹಜ ಅನ್ನೋ ಹಾಗೆ ಕೇಳಿದರೆ ಜನ ಹೇಳುತ್ತಾರೆ. ಸ್ವಲ್ಪ ದಿನ ಖಾಲಿ ಪಟ್ಟಿ ತಂದು ತೋರಿಸಿ ಅಂತಾನೂ ಅಂದೆ. ಅದನ್ನು ಬಿಟ್ಟೆ. ಒಬ್ಬಾಕೆ ನಾನು ಬರೋ ದಿನ ಮಾತ್ರೆ ಎಲ್ಲ ಬಿಡಿಸಿ ತಿಪ್ಪೆಗೆ ಹಾಕಿ, ಖಾಲಿ ಪಟ್ಟಿಗಳನ್ನು ನೀಟಾಗಿ ಜೋಡಿಸಿ ತಂದಿದ್ದಳು. ಪೊಲೀಸ್ ಕೆಲಸ ಮಾಡಿದರೆ ಕಳ್ಳರೇ ಸಿಗೋದು, ಅಲ್ವಾ?

ಅಭ್ಯಾಸ ಸುಮ್ನೆ ಹೋಗಲ್ಲ. ಮೊನ್ನೆ ಮಧ್ಯಾಹ್ನ ಒಂದೂವರೆ ಆಗಿತ್ತು, ಹನ್ನೊಂದು ಜನ ಇನ್ನೂ ಕಾಯುತ್ತಿದ್ದರು, ನನಗೆ ಊಟ ಆಗಿರಲಿಲ್ಲ. ಬಿಪಿ ಪಟ್ಟಿ ಬಿಚ್ಚುತ್ತಾ, "ಕ್ಯಾಲ್ಸಿಯಂ ತಗೋತಿದ್ದೀಯ ತಾನೆ?" ಅಂದುಬಿಟ್ಟೆ. "ಹೂಂ ಸಿಸ್ಟರ್" ಅಂದಳು ಆ ಹುಡುಗಿ. ಪಕ್ಕದಲ್ಲಿದ್ದ ಆಶಾ ಅಕ್ಕ ಕಾರ್ಡಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಪೆನ್ನು ಕೆಳಗಿಟ್ಟೆ.

"ಎಷ್ಟು ಉಳಿದಿದಾವೆ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಾಳ ಅದಾವೆ ಸಿಸ್ಟರ್. ಬಾಯಿಗೆ ಸುಣ್ಣ ತಿಂದಂಗೆ ಆಗ್ತೈತೆ" ಅಂದಳು.