ಪಿಎಚ್‌ಡಿ ಮುಗಿದ ಮೇಲೆ ಏನು ಎಂದು ಕೇಳಿದ ಹುಡುಗಿ

ಕೋಲಾರದ ಕಾಲೇಜೊಂದರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳೊಡನೆ ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೀವಿಗಳ ಡಿಎನ್‌ಎ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿಷಯದ ಸಂಶೋಧನಾ ವೃತ್ತಿಯ ಬಗ್ಗೆ ಮಾತನಾಡಲು ಕರೆ ಬಂದಾಗ, ಅಲ್ಲಿನವರಿಗೆ ಹೊಲದಲ್ಲೇ ಪರಿಚಯವಿರುವ ಟೊಮ್ಯಾಟೊ ಎಲೆ ಮುಟುರು ರೋಗದಿಂದಲೇ ಮಾತು ಆರಂಭಿಸುವುದೆಂದು ನಿರ್ಧರಿಸಿದ್ದೆ. ಈ ರೋಗದ ವೈರಸ್ ಹರಡುವ ಬಿಳಿ ನೊಣ ಹೆಚ್ಚಾದ ಮೇಲೆ ಎಲೆ ಸುರುಟಿಕೊಂಡು ಗಿಡ ಕುಗ್ಗುವುದನ್ನು ಅವರೇ ನನಗಿಂತ ಚೆನ್ನಾಗಿ ವಿವರಿಸಿದರು. ಭಾರತವೂ ಪಾಲ್ಗೊಂಡ ಯೋಜನೆಯಲ್ಲಿ 2012ರಲ್ಲಿ ಪ್ರಕಟವಾದ ಟೊಮ್ಯಾಟೊ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಸುಮಾರು 90 ಕೋಟಿ ಅಕ್ಷರಗಳಷ್ಟು (ಎ, ಟಿ, ಜಿ, ಸಿ ಎಂಬ ಘಟಕಗಳಷ್ಟು) ದೊಡ್ಡದು. ಆ ಗಿಡವನ್ನು ಕೆಡಿಸುವ ವೈರಸ್ಸಿನ ಡಿಎನ್‌ಎ ಉಂಗುರದಲ್ಲಿ ಇರುವುದು ಸುಮಾರು 2,700 ಅಕ್ಷರ ಮಾತ್ರ.

ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ದತ್ತಸಂಚಯದಲ್ಲಿ ಉಚಿತವಾಗಿ ಸಿಗುವ ಅಂಥ ಒಂದು ವೈರಸ್ಸಿನ ಅಕ್ಷರಗಳ ಅನುಕ್ರಮವನ್ನು, ಅನುಕ್ರಮಗಳನ್ನು ಹೋಲಿಸಿ ನೋಡುವ ಬ್ಲಾಸ್ಟ್ ತಂತ್ರಾಂಶಕ್ಕೆ ಕೊಟ್ಟು ಅದರ ಹತ್ತಿರದ ಬಂಧುಗಳನ್ನು ಹುಡುಕಿದೆವು. ಈ ವೈರಸ್ ಸೇರಿದ ಬೆಗೊಮೊವೈರಸ್ ಗುಂಪಿನಲ್ಲಿ ಅನುಕ್ರಮಗಳ ಹೋಲಿಕೆ ಶೇಕಡಾ 91ಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದವೆಂದು ಪರಿಗಣಿಸುವುದು ರೂಢಿ. ಆದರೆ ಒಂದೇ ಗಿಡಕ್ಕೆ ಎರಡು ವೈರಸ್ ತಗುಲಿದಾಗ ಅವುಗಳ ಡಿಎನ್‌ಎ ತುಂಡುಗಳು ಬೆರೆತು ಹೊಸ ತಳಿ ಹುಟ್ಟಬಹುದಾದ್ದರಿಂದ, ಎಲೆಯನ್ನು ಯಾವ ಹೊಲದಿಂದ ತಂದರು, ಪಕ್ಕದಲ್ಲಿ ಮೆಣಸಿನಕಾಯಿ ಇತ್ತೇ ಎಂದು ಕೇಳುವವರಿಲ್ಲದೆ ಆ ಅಂಕಿಗೆ ಅರ್ಥ ಬರುವುದಿಲ್ಲ. ಈ ವೃತ್ತಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಸಾಕು ಎಂಬ ಸಲಹೆಯನ್ನು ನಾನು ಅರೆಬರೆ ಸಲಹೆ ಎನ್ನುವುದು ಇದಕ್ಕೇ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಮೇಡಂ, ಪಿಎಚ್‌ಡಿ ಮುಗಿಯುವ ಹೊತ್ತಿಗೆ ನನಗೆ ಮೂವತ್ತಾಗಿರುತ್ತದೆ. ಆಮೇಲೂ ಕೆಲಸ ಕಾಯಂ ಅಲ್ಲವೆಂದರೆ ಅಪ್ಪನಿಗೆ ಏನು ಹೇಳಲಿ?" ಎಂದಳು.

ಸಮಾಧಾನದ ಮಾತಿಗಿಂತ ಲೆಕ್ಕವೇ ಮೇಲೆನಿಸಿತು. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ, 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ ಸಂಶೋಧನೆಯ ಪ್ರಗತಿಯ ಪರಿಶೀಲನೆ ದಾಟಿದರೆ 42,000, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಆದರೆ ಹಣ ತಿಂಗಳುಗಟ್ಟಲೆ ತಡವಾಗಿ, ಒಟ್ಟಿಗೆ ಬಂದು ಬೀಳುವುದೂ ಉಂಟು, ಅಂಥ ಒಂದು ಅವಧಿಯಲ್ಲಿ ನನ್ನ ಬಾಡಿಗೆಯನ್ನು ಅಣ್ಣನೇ ಕಟ್ಟಿದ. ಪಿಎಚ್‌ಡಿ ನಂತರ ಸಂಶೋಧಕರಾಗಿ ದುಡಿಯುವ ಪೋಸ್ಟ್‌ಡಾಕ್ ವರ್ಷಗಳು ಗುತ್ತಿಗೆಯವು, ಕಾಯಂ ಅಧ್ಯಾಪಕ ಹುದ್ದೆಗಳು ವಿರಳ. ಬೆಂಗಳೂರಿನಲ್ಲಿ ಅನುಕ್ರಮ ದತ್ತಾಂಶ ವಿಶ್ಲೇಷಿಸುವ ಕಂಪನಿಗಳು ಇವೆಯಾದ್ದರಿಂದ, ಈ ವಿಷಯದಲ್ಲಿ ಪಳಗಿದವರಿಗೆ ಇನ್ನೊಂದು ಬಾಗಿಲು ತೆರೆದಿರುತ್ತದೆ ಎಂಬುದನ್ನೂ ಅಪ್ಪನಿಗೆ ಹೇಳಬೇಕೆಂದೆ.

ಇಷ್ಟು ಕಟುವಾಗಿ ಹೇಳಬಾರದಿತ್ತೆಂದು ಅಲ್ಲಿನ ಅಧ್ಯಾಪಕರೊಬ್ಬರು ಆಕ್ಷೇಪಿಸಿದರು, ನಾನು ಒಪ್ಪಲಿಲ್ಲ. ಹುಡುಗಿ ಮಾತ್ರ ಅಂಕಿಗಳನ್ನು ಬರೆದುಕೊಂಡು, ಎಂಜಿನಿಯರಿಂಗ್, ವಿಜ್ಞಾನ ಪದವೀಧರರ ಅರ್ಹತಾ ಪರೀಕ್ಷೆಯಾದ ಗೇಟ್ ಒಂದೇ ಬರೆದರೆ ಸಾಲದೇ ಎಂದು ಮುಂದಿನ ಪ್ರಶ್ನೆ ಕೇಳಿದಳು. ಗೇಟ್ ಅಂಕದಿಂದ ಸಂದರ್ಶನದ ಕರೆ ಬರಬಹುದು, ಆದರೆ ಸ್ವಂತ ಫೆಲೋಶಿಪ್ ತರುವವರನ್ನು ಪ್ರಯೋಗಾಲಯಗಳು ಸುಲಭವಾಗಿ ಸೇರಿಸಿಕೊಳ್ಳುತ್ತವೆ, ನೆಟ್, ಗೇಟ್ ಎರಡನ್ನೂ ಬರೆಯಿರಿ ಎಂದೆ.