ಸಮುದ್ರವಿಲ್ಲದ ಜಿಲ್ಲೆಯಲ್ಲಿ ಸಬ್‌ಮರೀನ್ ಆಟವೇಕೆ?

ಮದುವೆ ಮನೆಯ ಪಂಕ್ತಿಯಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ, ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಎದುರಾಗುವ ಹಳೆಯ ಸಹಪಾಠಿಗಳ ಬಾಯಲ್ಲಿ, ಎಲ್ಲೆಡೆಯೂ ನನಗೆ ಕಾದಿರುವ ಪ್ರಶ್ನೆ ಒಂದೇ. "ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಸಬ್‌ಮರೀನ್ ಓಡಿಸುತ್ತೀಯಂತೆ. ಅದಕ್ಕೆಂದೇ ಯಾವ ಯಾವುದೋ ದೇಶದವರ ಆನ್‌ಲೈನ್ ಬಳಗ ಬೇರೆ ಸೇರಿದ್ದೀಯಂತೆ. ಏಕೆ?" ಆ ಪ್ರಶ್ನೆಯ ಬಾಲದಲ್ಲಿ "ಬೇರೆ ಕೆಲಸವಿಲ್ಲವೇ" ಎಂಬ ಮಾತೂ ಇರುತ್ತದೆ. ಅದಕ್ಕೆ ನಾನು ಉತ್ತರಿಸುವುದಿಲ್ಲ. ಉಳಿದದ್ದಕ್ಕೆ ಉತ್ತರ ಇಲ್ಲಿದೆ.

ಮೊದಲು ಸಮುದ್ರದ ಮಾತು. ನಮ್ಮ ಜಿಲ್ಲೆಗೆ ಕರಾವಳಿ ಇಲ್ಲ, ಒಪ್ಪಿದೆ. ಆದರೆ ಆಕಾಶ ತಿಳಿಯಾಗಿರುವ ಸಂಜೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬಿ ಸಮುದ್ರ ಕಾಣುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಅದೇ ಸಮುದ್ರವನ್ನು ಸೇರುತ್ತದೆ. ಮಳೆಗಾಲ ಪೂರ್ತಿ ನಮ್ಮ ಹಂಚಿನ ಮಾಡಿನ ಮೇಲೆ ಸುರಿಯುವುದೂ ಅಲ್ಲಿಂದಲೇ ಎದ್ದು ಬಂದ ನೀರು. ಅದೂ ಅಲ್ಲದೆ, ಸಬ್‌ಮರೀನಿನೊಳಗೆ ಇರುವವರಿಗೂ ಸಮುದ್ರ ಕಾಣುವುದಿಲ್ಲ. ಅದಕ್ಕೆ ಕಿಟಕಿ ಇಲ್ಲ. ಪೆರಿಸ್ಕೋಪ್ ಎತ್ತಿದ ಅರೆ ಗಳಿಗೆಯನ್ನು ಬಿಟ್ಟರೆ ಒಳಗಿನವರ ಪಾಲಿಗೆ ಇರುವುದು ಕಿವಿ, ಗಡಿಯಾರ, ನಕ್ಷೆ ಮತ್ತು ಪೆನ್ಸಿಲ್ ಮಾತ್ರ. ನನ್ನನ್ನು ಹಿಡಿದಿಟ್ಟದ್ದು ಅದೇ. ಏನೂ ಕಾಣದಿರುವಾಗ ಎಲ್ಲವನ್ನೂ ಲೆಕ್ಕದಿಂದ ಕಂಡುಕೊಳ್ಳಬೇಕಾದ ಆಟ ಇದು.

ಹೊರಗಿನಿಂದ ನೋಡುವವರಿಗೆ ಇದು ಗುಂಡು ಹಾರಿಸುವ ಆಟದ ಇನ್ನೊಂದು ಬಗೆಯಂತೆ ಕಾಣುತ್ತದೆ. ಹಾಗಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಅತಿ ಹೆಚ್ಚು ಕಟ್ಟಿದ ಟೈಪ್ ಸೆವೆನ್ ಸಿ ಎಂಬ ಯು-ಬೋಟನ್ನೇ, ಅಂದರೆ ಜರ್ಮನ್ ಸಬ್‌ಮರೀನನ್ನೇ ತೆಗೆದುಕೊಳ್ಳಿ. ನೀರಿನ ಮೇಲೆ ಡೀಸೆಲ್ ಎಂಜಿನ್ನಿನಿಂದ ಅದು ಗಂಟೆಗೆ 31 ಕಿಲೋಮೀಟರ್, ಅಂದರೆ 17 ನಾಟ್‌ಗೂ ಮೀರಿ ಓಡುತ್ತದೆ. ಮುಳುಗಿದ ಮೇಲೆ ಬ್ಯಾಟರಿಯೇ ಗತಿ, ಗರಿಷ್ಠ ವೇಗ ಏಳೂವರೆ ನಾಟ್. ಜೋಪಾನವಾಗಿ 4 ನಾಟ್ ವೇಗದಲ್ಲಿ ಹೋದರೂ ಸುಮಾರು 80 ನಾಟಿಕಲ್ ಮೈಲಿಗೆ, ಅಂದರೆ 150 ಕಿಲೋಮೀಟರಿಗೆ ಬ್ಯಾಟರಿ ಬರಿದಾಗುತ್ತದೆ. ಅಂದರೆ ಎಂಟು ಹತ್ತು ನಾಟ್ ವೇಗದ ಸಾಮಾನ್ಯ ಸರಕು ಹಡಗನ್ನೂ ನೀರೊಳಗಿನಿಂದ ಬೆನ್ನಟ್ಟಿ ಹಿಡಿಯಲಾಗದು. ಅದು ಬರುವ ದಾರಿಯನ್ನು ಮೊದಲೇ ಊಹಿಸಿ, ಮುಂದೆ ಹೋಗಿ, ಸದ್ದಡಗಿಸಿ ಕಾಯಬೇಕು. ಆಟದ ಬಹುಪಾಲು ಈ ಕಾಯುವಿಕೆಯೇ. ಬೇಸರವಾಗುವವರಿಗೆ ಆಗುತ್ತದೆ. ಅವರನ್ನು ಒಲಿಸುವ ಆಸೆ ನನಗಿಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. 20 ಮೀಟರ್ ಆಳಕ್ಕೆ ಇಳಿದು ಎಂಜಿನ್ ನಿಲ್ಲಿಸಿ, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನಿಗೆ ಕಿವಿ ಕೊಟ್ಟಿದ್ದೀರಿ. ಒಂದು ದಿಕ್ಕಿನಿಂದ ಪ್ರೊಪೆಲ್ಲರಿನ ಸದ್ದು, ನಿಧಾನ, ಭಾರ: ಸರಕು ಹಡಗು. ಅದೇ ಸದ್ದು ಬಿರುಸಾಗಿದ್ದರೆ ಸಬ್‌ಮರೀನನ್ನು ಬೇಟೆಯಾಡುವ ಯುದ್ಧನೌಕೆ, ಡಿಸ್ಟ್ರಾಯರ್ ಇರಬಹುದು, ಆಗ ಮಾತೇ ಬೇರೆ. ಹತ್ತಿರ ಬಂದ ಮೇಲೆ ಪೆರಿಸ್ಕೋಪ್ ಎತ್ತಿ, ಹಡಗಿನ ಮಾದರಿ ಗುರುತಿಸಿ, ಅದರ ಕಂಬದ ಎತ್ತರ ಪೆರಿಸ್ಕೋಪಿನ ಗೆರೆಗಳಲ್ಲಿ ಎಷ್ಟು ಆಕ್ರಮಿಸುತ್ತದೆ ಎಂಬುದರಿಂದ ದೂರ ತೆಗೆದು ನಕ್ಷೆಯ ಮೇಲೆ ಚುಕ್ಕೆ ಇಡುತ್ತೀರಿ. ಪೆರಿಸ್ಕೋಪ್ ಇಳಿಸಿ ಸ್ಟಾಪ್‌ವಾಚ್ ಒತ್ತುತ್ತೀರಿ. ಸರಿಯಾಗಿ 3 ನಿಮಿಷ 15 ಸೆಕೆಂಡಿಗೆ ಮತ್ತೆ ನೋಡಿ ಇನ್ನೊಂದು ಚುಕ್ಕೆ. ಎರಡು ಚುಕ್ಕೆಗಳ ನಡುವೆ 800 ಮೀಟರ್ ಇದ್ದರೆ ಹಡಗಿನ ವೇಗ 8 ನಾಟ್, 1100 ಇದ್ದರೆ 11. ಮಾಟವಲ್ಲ. ಒಂದು ನಾಟ್ ಎಂದರೆ ಗಂಟೆಗೆ 1852 ಮೀಟರ್. 195 ಸೆಕೆಂಡಿನಲ್ಲಿ ಅದು ಹೆಚ್ಚುಕಡಿಮೆ 100 ಮೀಟರ್ ಆಗುತ್ತದೆ. ಎರಡು ಚುಕ್ಕೆ ಸೇರಿಸಿ ಗೆರೆ ಎಳೆದರೆ ಹಡಗಿನ ದಾರಿಯೂ ಸಿಕ್ಕಿತು.

ಈಗ ಆ ಗೆರೆಗೆ ಲಂಬವಾಗಿ ನಿಮ್ಮ ಸಬ್‌ಮರೀನನ್ನು ನಿಲ್ಲಿಸಬೇಕು. ನೀರೊಳಗೆ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ ಟಾರ್ಪಿಡೊ. ಬ್ಯಾಟರಿಯ ಟಾರ್ಪಿಡೊ 30 ನಾಟ್ ವೇಗದ್ದು, ನೀರಿನ ಮೇಲೆ ಗುಳ್ಳೆಯ ಜಾಡು ಬಿಡುವುದಿಲ್ಲ. ಒಂದು ಕಿಲೋಮೀಟರ್ ಕ್ರಮಿಸಲು ಅದಕ್ಕೆ ಸುಮಾರು 65 ಸೆಕೆಂಡು ಬೇಕು. ಅಷ್ಟರಲ್ಲಿ 8 ನಾಟ್ ವೇಗದ ಹಡಗು 270 ಮೀಟರ್‌ನಷ್ಟು ಮುಂದೆ ಹೋಗಿರುತ್ತದೆ. ಯುದ್ಧಕಾಲದ ಲಿಬರ್ಟಿ ಎಂಬ ಸರಕು ಹಡಗಿನ ಉದ್ದ ಸುಮಾರು 135 ಮೀಟರ್, ಅಂದರೆ ಅಂತಹ ಎರಡು ಹಡಗುಗಳ ಉದ್ದ. ಹಾಗಾಗಿ ಹಡಗು ಈಗ ಇರುವ ಕಡೆಗೆ ಗುರಿಯಿಟ್ಟರೆ ಟಾರ್ಪಿಡೊ ಖಾಲಿ ನೀರಿಗೆ ಹೋಗುತ್ತದೆ. ಎಂಟನ್ನು ಮೂವತ್ತರಿಂದ ಭಾಗಿಸಿ, ಆ ಟ್ಯಾಂಜೆಂಟಿನ ಕೋನ ನೋಡಿದರೆ ಸುಮಾರು 15 ಡಿಗ್ರಿ. ಹಡಗು ನಿಮ್ಮ ಮೂತಿಯ ನೇರಕ್ಕೆ ಬರಲು ಇನ್ನೂ 15 ಡಿಗ್ರಿ ಇರುವಾಗಲೇ ಟಾರ್ಪಿಡೊ ಬಿಡಬೇಕು. ಹೈಸ್ಕೂಲಿನಲ್ಲಿ "ಇದು ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸಾರ್" ಎಂದು ಕೇಳಿದ್ದ ತ್ರಿಕೋನಮಿತಿ ಇದೇ. ಜೀವನದಲ್ಲಿ ಇನ್ನೂ ಬಂದಿಲ್ಲ, ಇಲ್ಲಿ ಬಂತು.

ಈ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿಕೊಡುವ ಅನುಕೂಲವೂ ಆಟದಲ್ಲಿದೆ. ಅದನ್ನು ಹಾಕಿಕೊಂಡು ಆಡುವುದು ಆಟವೇ ಅಲ್ಲ ಎಂಬುದು ನನ್ನ ಹಟ.

ಬಳಗ ಬೇಕಾಗುವುದು ಇಲ್ಲಿಯೇ. ಆಟದ ಜೊತೆ ಬರುವ ಪುಸ್ತಿಕೆ ಯಾವ ಗುಂಡಿ ಎಲ್ಲಿದೆ ಎಂದು ಹೇಳುತ್ತದೆ, ಯಾವಾಗ ಏಕೆ ಒತ್ತಬೇಕು ಎಂದು ಹೇಳುವುದಿಲ್ಲ. ಮೂರು ನಿಮಿಷ ಹದಿನೈದು ಸೆಕೆಂಡಿನ ಸೂತ್ರವನ್ನು ನಾನು ಕಲಿತದ್ದು ಬಳಗದವರಿಂದ. ಸೇರುವಾಗ ಯಾರೂ ನಿಮ್ಮ ಊರು, ಓದು, ವಯಸ್ಸು ಕೇಳುವುದಿಲ್ಲ. ಕೇಳುವುದು ನಕ್ಷೆಯನ್ನು. "ನನ್ನ ಟಾರ್ಪಿಡೊ ಗುರಿ ತಪ್ಪುತ್ತದೆ, ಏನು ಮಾಡಲಿ" ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ವೇಗ ಇಷ್ಟು, ಕೋನ ಇಷ್ಟು, ದೂರ ಇಷ್ಟು ಎಂದು ಬರೆಯಿರಿ. ಯುರೋಪಿನ ಯಾವುದೋ ಮನೆಯಲ್ಲಿ ರಾತ್ರಿಯೂಟ ಮುಗಿಸಿದ ಒಬ್ಬ ಮನುಷ್ಯ ಕಾಗದದ ಮೇಲೆ ಲೆಕ್ಕ ಬಿಡಿಸಿ ಕಳುಹಿಸುತ್ತಾನೆ. ಅವರ ರಾತ್ರಿಯೂಟದ ಹೊತ್ತು ನಮಗೆ ನಡುರಾತ್ರಿ ಎಂಬುದೊಂದೇ ತೊಂದರೆ. ಇಂಗ್ಲಿಷ್ ಚೆನ್ನಾಗಿ ಬಾರದು ಎಂಬ ಅಂಜಿಕೆ ಬೇಡ. ಅಲ್ಲಿ ಅಂಕಿಗಳೇ ಅರ್ಧ ಮಾತು.

ಜಗಳಗಳೂ ಇವೆ, ಒಳ್ಳೆಯ ಜಗಳಗಳು. ಅಮೆರಿಕದ ಮಾರ್ಕ್ 14 ಟಾರ್ಪಿಡೊ, ಆ ದೇಶ ಯುದ್ಧಕ್ಕಿಳಿದ ಮೊದಲ ಎರಡು ವರ್ಷ ಕುಖ್ಯಾತವಾಗಿತ್ತು. ಹೇಳಿದ ಆಳಕ್ಕಿಂತ ಕೆಳಗೆ ಓಡುತ್ತಿತ್ತು, ಅದರ ಕಾಂತೀಯ ಸ್ಫೋಟಕ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತಿತ್ತು. ಇದಕ್ಕಿಂತ ವಿಚಿತ್ರವೆಂದರೆ, ಹಡಗಿಗೆ ನೇರ ಲಂಬವಾಗಿ ಬಡಿದರೆ ಒಳಗಿನ ಸಿಡಿಸುವ ಕಡ್ಡಿ ಬಾಗಿ ಸಿಡಿಯುತ್ತಲೇ ಇರಲಿಲ್ಲ, ಓರೆಯಾಗಿ ತಾಗಿದರೆ ಸಿಡಿಯುತ್ತಿತ್ತು. ಪೂರ್ತಿ ಸರಿಹೋದದ್ದು 1943ರ ಕೊನೆಯ ಹೊತ್ತಿಗೆ. ಪೆಸಿಫಿಕ್ ಸಾಗರದ ಆಟದಲ್ಲಿ ಈ ದೋಷವನ್ನು ಇಟ್ಟುಕೊಳ್ಳಬೇಕೇ, ತೆಗೆಯಬೇಕೇ? ಇಟ್ಟುಕೊಳ್ಳಿ ಎನ್ನುವವರ ಪಕ್ಷ ನನ್ನದು. ಲೆಕ್ಕವೆಲ್ಲ ಸರಿಯಿದ್ದು, ಟಾರ್ಪಿಡೊ ಹಡಗಿನ ಪಕ್ಕೆಗೆ ಢಣ್ಣೆಂದು ಬಡಿದು ಸುಮ್ಮನಾದಾಗ ಆಗುವ ಸಿಟ್ಟು ಅಂದಿನ ಕ್ಯಾಪ್ಟನ್‌ಗಳಿಗೂ ಆಗಿತ್ತು.

ಶತ್ರುವಿನಿಂದ ಅಡಗಲು ನೆರವಾಗುವ ನೀರಿನ ಪದರದ ವಿಷಯವನ್ನು ಅರ್ಥ ಮಾಡಿಕೊಳ್ಳಲು ಮಾತ್ರ ನನಗೆ ವಿದೇಶಿಯರು ಬೇಕಾಗಲಿಲ್ಲ. ಬೇಸಿಗೆಯಲ್ಲಿ ಊರ ಕೆರೆಗೆ ಇಳಿದವರಿಗೆಲ್ಲ ಗೊತ್ತು, ಎದೆಯ ಮಟ್ಟದ ನೀರು ಬೆಚ್ಚಗಿದ್ದರೆ ಕಾಲಿಗೆ ತಾಗುವುದು ತಣ್ಣೀರು. ಸಮುದ್ರದಲ್ಲೂ ಹಾಗೆಯೇ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಬೆಚ್ಚಗಿನ ನೀರಿನಲ್ಲಿ ತುಸು ಬೇಗ, ತಣ್ಣೀರಿನಲ್ಲಿ ತುಸು ನಿಧಾನ. ಆದ್ದರಿಂದ ಪದರ ದಾಟುವಾಗ ಅದರ ದಾರಿ ತಣ್ಣೀರಿನತ್ತ ಬಾಗುತ್ತದೆ, ಶಬ್ದದಿಂದ ಹುಡುಕುವ ಮೇಲಿನ ಹಡಗಿನ ಸೋನಾರ್ ತಲುಪದ ನೆರಳೊಂದು ಪದರದ ಕೆಳಗೆ ಉಳಿಯುತ್ತದೆ. ಅಡಗಬೇಕಾದದ್ದು ಅಲ್ಲಿ. ಸಮುದ್ರದ ಮೇಲೆ ಜೋರು ಮಳೆ ಬಿದ್ದರೂ ಆ ಗದ್ದಲದಲ್ಲಿ ಸಬ್‌ಮರೀನಿನ ಸದ್ದು ಮುಚ್ಚಿಹೋಗುತ್ತದೆ. ಆಷಾಢದಲ್ಲಿ ನಮ್ಮ ಮನೆಯಲ್ಲಿ ಹೆಡ್‌ಫೋನ್ ಇಲ್ಲದೆ ಆಡುವುದು ಈ ಕಾರಣಕ್ಕೇ ಅಸಾಧ್ಯ.

ಕೆಲವರು ಮಾತ್ರ ಕೇಳುವ, ಹೆಚ್ಚು ತೂಕದ ಪ್ರಶ್ನೆ ಇನ್ನೊಂದಿದೆ: ಇದು ಮುಳುಗಿಸಿ ಕೊಲ್ಲುವ ಆಟವಲ್ಲವೇ? ಹೌದು. ಆಟ ಲೆಕ್ಕವಿಡುವುದು ಮುಳುಗಿದ ಟನ್ನುಗಳನ್ನು, ಹಡಗಿನಲ್ಲಿದ್ದ ಜನರನ್ನಲ್ಲ. ಬ್ರಿಟಿಷರ ಸರಕು ಹಡಗುಗಳ ಎಂಜಿನ್ ಕೋಣೆಗಳಲ್ಲಿ ಬೆವರು ಸುರಿಸಿದ ಭಾರತೀಯ ನಾವಿಕರು ಸಾವಿರಾರು ಮಂದಿ. ಜಪಾನಿನ ಐ-29 ಎಂಬ ಸಬ್‌ಮರೀನಿನ ಕಥೆಯನ್ನೇ ನೋಡಿ. 1942ರ ನವೆಂಬರ್ 23ರಂದು, ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಎಂಬ ಪ್ರಯಾಣಿಕರ ಹಡಗನ್ನು ಅದು ಮುಳುಗಿಸಿತು. 280 ಮಂದಿ ಸತ್ತರು, ಹೆಚ್ಚಿನವರು ಭಾರತೀಯರು. ಐದು ತಿಂಗಳ ನಂತರ, 1943ರ ಏಪ್ರಿಲ್ ಕೊನೆಯಲ್ಲಿ, ಮಡಗಾಸ್ಕರ್ ಬಳಿಯ ಅಬ್ಬರದ ಕಡಲಿನಲ್ಲಿ ಜರ್ಮನಿಯ ಯು-180ರಿಂದ ರಬ್ಬರ್ ತೆಪ್ಪದಲ್ಲಿ ಬಂದ ಸುಭಾಷ್ ಚಂದ್ರ ಬೋಸ್ ಮತ್ತು ಅವರ ಸಹಾಯಕ ಆಬಿದ್ ಹಸನ್ ಅವರನ್ನು ಹತ್ತಿಸಿಕೊಂಡದ್ದೂ ಇದೇ ಐ-29. ನೇತಾಜಿಯ ಸಬ್‌ಮರೀನ್ ಪ್ರಯಾಣ ನಮಗೆಲ್ಲ ಶಾಲೆಯಲ್ಲೇ ಗೊತ್ತಿತ್ತು. ತಿಲಾವಾ ಗೊತ್ತಾಗಲು ಈ ಹವ್ಯಾಸ ಬೇಕಾಯಿತು. ಐ-29ನ್ನು ಓಡಿಸುವ ಆಟ ಯಾರಾದರೂ ಪುಕ್ಕಟೆ ಕೊಟ್ಟರೂ ನನಗೆ ಬೇಡ. ಯು-ಬೋಟ್ ಓಡಿಸುವಾಗಲೂ, ಅವುಗಳಲ್ಲಿ ಹೋದ ಸುಮಾರು 40,000 ಜರ್ಮನ್ನರಲ್ಲಿ ಮುಕ್ಕಾಲು ಪಾಲಿನವರು ಹಿಂದಿರುಗಲಿಲ್ಲ ಎಂಬುದು ತಿಳಿದೇ ಆಡುತ್ತೇನೆ. ಇಷ್ಟರಿಂದ ಮನಸ್ಸಿನ ಇರಿಸುಮುರಿಸು ಹೋಯಿತೇ ಎಂದರೆ ಇಲ್ಲ.

ಇಷ್ಟು ಕೇಳಿಯೂ ಸೇರಬೇಕೆನ್ನುವವರಿಗೆ: ಹಳೆಯ ಲ್ಯಾಪ್‌ಟಾಪ್ ಸಾಕು. 2005ರಲ್ಲಿ ಬಂದ ಸೈಲೆಂಟ್ ಹಂಟರ್ 3ರಿಂದ ಶುರು ಮಾಡಿ. ಅಭಿಮಾನಿಗಳು ವರ್ಷಗಟ್ಟಲೆ ಕುಳಿತು ತಿದ್ದಿ, ಹಡಗುಗಳನ್ನು ಸೇರಿಸಿ, ಉಚಿತವಾಗಿ ಹಂಚುತ್ತಿರುವುದರಿಂದ ಅದು ಇನ್ನೂ ಬದುಕಿದೆ. ಪೆಸಿಫಿಕ್ ಬೇಕಾದರೆ 2007ರ ನಾಲ್ಕನೆಯ ಭಾಗ. ಶೀತಲ ಸಮರದ ಪರಮಾಣು ಸಬ್‌ಮರೀನ್ ಬೇಕಾದರೆ 2017ರ ಕೋಲ್ಡ್ ವಾಟರ್ಸ್. ಯುಬೋಟ್ ಎಂಬ ಪೋಲೆಂಡಿನ ಆಟ 2024ರಲ್ಲಿ ಪೂರ್ಣರೂಪ ಪಡೆಯಿತು, ಸಿಬ್ಬಂದಿಯ ಊಟ ನಿದ್ದೆಯನ್ನೂ ನೀವೇ ನೋಡಿಕೊಳ್ಳಬೇಕು, ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ಡೇಂಜರಸ್ ವಾಟರ್ಸ್‌ಗೆ ಮೊದಲೇ ಕೈ ಹಾಕಬೇಡಿ, ಅದರ ಕಷ್ಟಕ್ಕೆ ಹೆದರಿ ಓಡಿಹೋಗುತ್ತೀರಿ.

ಸೈಲೆಂಟ್ ಹಂಟರ್ 3 ಆಡುವ ಹಳಬರೆಲ್ಲ ಹೇಳುವ ಎಚ್ಚರಿಕೆ ಒಂದಿದೆ: ನೀರಿನೊಳಗೆ ಇರುವಾಗ, ಹಡಗುಗಳ ಹಿಂಡು ಹತ್ತಿರವಿರುವಾಗ ಆಟವನ್ನು ಸೇವ್ ಮಾಡಬೇಡಿ, ಕಡತ ಕೆಡಬಹುದು. ಮೇಲೆ ಬಂದು, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಸೇವ್ ಮಾಡಿ. ಡಿಸ್ಟ್ರಾಯರ್ ತಲೆಯ ಮೇಲೆ ಸುತ್ತುತ್ತಿರುವಾಗಲೇ ಕರೆಂಟು ಹೋಗುವ ನಮ್ಮ ಕಡೆಯವರು ಇದರ ಜೊತೆಗೆ ಒಂದು ಯುಪಿಎಸ್ ಕೊಂಡುಕೊಳ್ಳಿ, ಜೂನ್ ಬರುವ ಮೊದಲೇ.