ಎತ್ತರ ಹಾಗೇ ಇರಲಿ, ಹಿಡಿತ ಬದಲಾಗಲಿ

ಸೆಡಾನ್‌ಗೆ ಅಡ್ಜಸ್ಟಬಲ್ ಸಸ್ಪೆನ್ಶನ್ ಹಾಕಿಸ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ‘ಎಷ್ಟು ಇಳಿಸ್ತೀಯಾ?’ ನನಗೆ ಇಳಿಸುವ ಆಸೆಯೇ ಇರಲಿಲ್ಲ. ನಮ್ಮ ಹೋಂಡಾ ಸಿಟಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಜಾಗ, 165 ಮಿ.ಮೀ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಗುಬ್ಬಿ ಕಡೆಯ ತೋಟದಿಂದ ತಂದ ತೆಂಗಿನಕಾಯಿ ಮೂಟೆ ಇದ್ದರೆ ಅದರಲ್ಲಿ ಉಳಿಯುವುದೇ ಕಡಿಮೆ. ಇನ್ನು ಇಳಿಸುವುದು ಎಲ್ಲಿಂದ?

ನನಗೆ ಬೇಕಿದ್ದದ್ದು ಬೇರೆ. ವಾರದ ದಿನಗಳಲ್ಲಿ ತುಮಕೂರಿನಿಂದ ದಾಬಸ್‌ಪೇಟೆ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಬ್ಬನೇ ಓಡಾಡುತ್ತೇನೆ. ಗಾಡಿ ಖಾಲಿ, ವೇಗ ಜಾಸ್ತಿ. ಭಾನುವಾರ ಅದೇ ಗಾಡಿ ಮನೆಮಂದಿಯನ್ನೆಲ್ಲ ಹೊತ್ತುಕೊಂಡು ಊರಿಗೆ ಹೋಗಬೇಕು. ಹಳೆಯ ಶಾಕ್ ಅಬ್ಸಾರ್ಬರ್‌ಗಳು ಒಂದು ಲಕ್ಷ ಕಿಲೋಮೀಟರ್ ದಾಟಿ, ಹಿಂದಿನ ಎಡಗಡೆಯದು ಆಯಿಲ್ ಬಿಡಲು ಶುರುಮಾಡಿತ್ತು. ಅಷ್ಟು ಓಡಿದ ಮೇಲೆ ಅದು ಸಹಜವೇ. ಹಂಪ್ ದಾಟಿದ ಮೇಲೂ ಗಾಡಿ ತೂಗಾಡುತ್ತಿತ್ತು. ಸೊಂಟ ನೋವಿರುವ ಅಮ್ಮ ಮುಂದಿನ ಸೀಟಿನ ಬೆನ್ನು ಹಿಡಿದೇ ಕೂರುತ್ತಿದ್ದರು. ಹೇಗೂ ಬದಲಾಯಿಸಲೇಬೇಕು. ಹಾಗಾದರೆ ಖಾಲಿ ಗಾಡಿಗೂ ತುಂಬಿದ ಗಾಡಿಗೂ ಹೊಂದುವಂಥದ್ದನ್ನೇ ಹಾಕಿಸೋಣ ಅಂತ ಲೆಕ್ಕ ಹಾಕಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅಡ್ಜಸ್ಟ್ ಆಗುವುದು ಎರಡು. ಒಂದು ಎತ್ತರ, ಇನ್ನೊಂದು ಶಾಕ್‌ನ ಹಿಡಿತ, ಅಂದರೆ ಸ್ಪ್ರಿಂಗ್ ಕುಣಿಯದಂತೆ ಶಾಕ್ ತಡೆಯುವ ಬಲ. ಅಗ್ಗದ ಕಾಯಿಲ್‌ಓವರ್ (ಶಾಕ್ ಸುತ್ತ ಸ್ಪ್ರಿಂಗ್ ಇರುವ) ಸೆಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ರಿಂಗನ್ನು ತಿರುಗಿಸಿ ಎತ್ತರ ಬದಲಾಯಿಸುತ್ತಾರೆ. ರಿಂಗ್ ಕೆಳಗೆ ಹೋದಷ್ಟೂ ಗಾಡಿ ಇಳಿಯುತ್ತೆ, ಶಾಕ್ ಒಳಗೆ ಕುಗ್ಗಲು ಇರುವ ಜಾಗವೂ ಅಷ್ಟೇ ಕಡಿಮೆಯಾಗುತ್ತೆ. ಆಮೇಲೆ ಗುಂಡಿಯಲ್ಲಿ ಬಿದ್ದಾಗ ಹೊಡೆತ ತಡೆಯುವುದು ಸ್ಪ್ರಿಂಗ್ ಅಲ್ಲ, ಬಂಪ್ ಸ್ಟಾಪ್ ಅನ್ನುವ ರಬ್ಬರ್ ತುಂಡು. ಕೆಳಗಿನ ಬ್ರಾಕೆಟ್ಟನ್ನೇ ತಿರುಗಿಸಿ ಎತ್ತರ ಹೊಂದಿಸುವ ಸೆಟ್‌ನಲ್ಲಿ ಶಾಕ್‌ನ ಒಳಗಿನ ಓಡಾಟ ಹಾಗೇ ಉಳಿಯುತ್ತೆ. ನಾನು ನೋಡಿದ ಮೊದಲ ಗುಣವೇ ಇದು. ಇನ್ನೊಂದು ತಪ್ಪು ನಂಬಿಕೆ ಇದೆ. ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತಾರೆ. ಒಂದೇ ಸಮನಾಗಿ ಸುತ್ತಿದ ಸ್ಪ್ರಿಂಗ್ ಎಷ್ಟು ಒತ್ತಿಟ್ಟರೂ ಅದರ ಗಟ್ಟಿತನ ಬದಲಾಗಲ್ಲ.

ಸ್ಪ್ರಿಂಗಿನ ಗಟ್ಟಿತನವನ್ನು ಕೆ.ಜಿ./ಮಿ.ಮೀ. ಲೆಕ್ಕದಲ್ಲಿ ಹೇಳ್ತಾರೆ. 5 ಅಂದರೆ ಒಂದು ಮಿ.ಮೀ. ಕುಗ್ಗಿಸಲು 5 ಕೆ.ಜಿ. ಭಾರ ಬೇಕು. ಜನ, ಸಾಮಾನು ಸೇರಿ ಹಿಂದಿನ ಚಕ್ರಗಳ ಮೇಲೆ 160 ಕೆ.ಜಿ. ಹೆಚ್ಚಿದರೆ ಒಂದೊಂದಕ್ಕೆ 80. ಎರಡೂವರೆಯ ಸ್ಪ್ರಿಂಗ್ ಆದರೆ ಹತ್ತಿರ ಹತ್ತಿರ 32 ಮಿ.ಮೀ. ಕೂರುತ್ತೆ, 5ರದ್ದಾದರೆ 16. ಹಾಗಂತ 5ರದ್ದನ್ನೇ ಹಾಕಿಸಿದರೆ ಒಬ್ಬನೇ ಓಡಿಸುವಾಗ ಹಿಂಬದಿ ಕುಣಿಯುತ್ತೆ. ನಾನು ಮೂರೂವರೆಯದ್ದನ್ನು ಆರಿಸಿದೆ. ಜಪಾನಿನ ಟೀನ್, ತೈವಾನಿನ ಬಿ.ಸಿ. ರೇಸಿಂಗ್, ಜರ್ಮನಿಯ ಬಿಲ್‌ಸ್ಟೈನ್, ಕೆಡಬ್ಲ್ಯೂ ಹೀಗೆ ಹೆಸರುಗಳು ಬೇಕಾದಷ್ಟಿವೆ. ಹೆಸರಿಗಿಂತ ಮೊದಲು ಈ ಅಂಕಿ ಕೇಳಿ. ಅಂಕಿ ಹೇಳಲು ಬಾರದ ಅಂಗಡಿಯಿಂದ ಎದ್ದು ಬನ್ನಿ.

ಶಾಕ್ ಒಂದೇ ಕೊಳವೆಯ ಮಾನೋಟ್ಯೂಬೋ, ಕೊಳವೆಯೊಳಗೆ ಕೊಳವೆ ಇರುವ ಟ್ವಿನ್ ಟ್ಯೂಬೋ ಅನ್ನುವುದರಲ್ಲಿ ನಾನು ಜಾಸ್ತಿ ಹೊತ್ತು ತಗೊಂಡೆ. ಗ್ಯಾಸ್ ತುಂಬಿದ ಮಾನೋಟ್ಯೂಬ್ ಶಾಕನ್ನು ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತು. ಬಿಸಿ ಬೇಗ ಆರುತ್ತೆ, ಹಿಡಿತ ಚುರುಕು. ಆದರೆ ಅದರಲ್ಲಿ ಪಿಸ್ಟನ್ ಓಡುವುದು ಹೊರಗಿನ ಕೊಳವೆಯ ಗೋಡೆಗೇ ತಾಗಿಕೊಂಡು. ಕಲ್ಲು ಸಿಡಿದು ಗೋಡೆ ನಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಟ್ವಿನ್ ಟ್ಯೂಬ್‌ನಲ್ಲಿ ಹೊರಗಿನ ಕೊಳವೆ ಒಂದಿಷ್ಟು ನಗ್ಗಿದರೂ ಒಳಗಿನದು ಬದುಕುತ್ತೆ. ನಮ್ಮ ತೋಟದ ದಾರಿ ಪೂರಾ ಜಲ್ಲಿ. ಹಾಗಾಗಿ ಟ್ವಿನ್ ಟ್ಯೂಬ್. ನಾಲ್ಕರಲ್ಲಿ ಒಂದು ಹೋದರೆ ಅದೊಂದೇ ಬಿಡಿಯಾಗಿ ಸಿಗುತ್ತಾ ಅಂತಲೂ ಕೇಳಿಕೊಂಡೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಎತ್ತರ ಮುಟ್ಟದಿರಲು ಇದೂ ಒಂದು ಕಾರಣ. ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಅವರ ಉತ್ತರ ಇಟ್ಟುಕೊಂಡೇ ಕೆಲಸಕ್ಕೆ ಕೊಟ್ಟೆ.

ಶಿರಾ ಗೇಟ್ ಹತ್ತಿರದ ಗ್ಯಾರೇಜಿಗೆ ಬೆಳಿಗ್ಗೆಯೇ ಹೋದೆ. ಮೆಕಾನಿಕ್ ಹೊಸ ಡಬ್ಬಗಳ ಕಡೆ ನೋಡಲೂ ಇಲ್ಲ. ‘ಸಾರ್, ಮೊದ್ಲು ಬುಷ್ ನೋಡೋಣ. ಬುಷ್ ಹೋಗಿದ್ರೆ ಎಷ್ಟು ದುಡ್ಡಿನ ಶಾಕ್ ಹಾಕಿದ್ರೂ ಲೊಟಲೊಟ ನಿಲ್ಲಲ್ಲ.’ ಚಕ್ರ ಹಿಡಿಯುವ ಲೋಯರ್ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್ ಬಿರುಕು ಬಿಟ್ಟಿತ್ತು, ಲಿಂಕ್ ರಾಡ್ ಅಲ್ಲಾಡುತ್ತಿತ್ತು. ಎರಡನ್ನೂ ತರಿಸಿದೆವು. ಬಿಚ್ಚುವ ಮೊದಲು ಅವರು ಟೇಪು ಹಿಡಿದು ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಸೇರಿಕೊಂಡು ಲೆಕ್ಕ ತಪ್ಪುತ್ತೆ.

ಈ ಗಾಡಿಯಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಶನ್ ಬೀಮ್. ಮುಂದೆ ಸ್ಪ್ರಿಂಗ್ ಶಾಕ್‌ನ ಮೈಗೇ ಸುತ್ತಿಕೊಂಡಿರುತ್ತೆ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಎತ್ತರ ಹೊಂದಿಸುವ ರಿಂಗ್ ಕೂಡ ಸ್ಪ್ರಿಂಗ್ ಕಡೆಗೇ ಇರುತ್ತೆ. ಎಲ್ಲ ಜೋಡಿಸಿದ ಮೇಲೆ ಅವರು ಆರ್ಮ್ ಬೋಲ್ಟುಗಳನ್ನು ಕೈಬಿಗಿಯಲ್ಲೇ ಬಿಟ್ಟರು. ಜಾಕ್ ಇಳಿಸಿ, ಬಾನೆಟ್ ಒತ್ತಿ ಒತ್ತಿ ಬಿಟ್ಟು, ಗಾಡಿ ತನ್ನ ಭಾರಕ್ಕೆ ಕೂತ ಮೇಲೆ ತಳಕ್ಕೆ ತೂರಿ ಪೂರ್ತಿ ಬಿಗಿ ಮಾಡಿದರು. ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ಬುಷ್ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಈ ಒಂದು ಕೆಲಸ ನೋಡಿಯೇ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಆಮೇಲೆ ಗೋಡೆ ಮೇಲಿನ ಅಳತೆಗೆ ಸರಿಯಾಗಿ ರಿಂಗ್, ಬ್ರಾಕೆಟ್ ತಿರುಗಿಸಿ, ನೇರವಾಗಿ ವೀಲ್ ಅಲೈನ್ಮೆಂಟಿಗೆ ಕಳಿಸಿದರು.

ಮಧ್ಯಾಹ್ನ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಕಡೆ ಹೊರಟೆ. ಹಿಡಿತದ ನಾಬ್‌ನಲ್ಲಿ 16 ಕ್ಲಿಕ್ ಇವೆ. ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮೊದಲು 4ರಲ್ಲಿ ಇಟ್ಟೆವು. ತಿರುವಿನಲ್ಲಿ ಗಾಡಿ ವಾಲುವುದು ತಡವಾಗಿ, ನಿಧಾನವಾಗಿ ಬರುತ್ತಿತ್ತು, ಸ್ಟೀರಿಂಗ್ ಹಗುರ ಅನಿಸಲಿಲ್ಲ. ಖುಷಿಯಾಯಿತು. ಆದರೆ ರಸ್ತೆಗೆ ಅಡ್ಡ ಬಳಿದ ದಪ್ಪ ಬಿಳಿ ಪಟ್ಟಿಗಳು ಬಂದಾಗ ಮೈಯೆಲ್ಲ ಕಂಪಿಸಿತು. ಸ್ಪ್ರಿಂಗ್ ವಾಪಸ್ ಚಾಚಿಕೊಳ್ಳುವ ಮೊದಲೇ ಮುಂದಿನ ಪಟ್ಟಿ ಬಂದುಬಿಡುತ್ತೆ. ಗಾಡಿ ಪಟ್ಟಿಯಿಂದ ಪಟ್ಟಿಗೆ ಕೆಳಕ್ಕೆ ಕೂರುತ್ತಾ ಹೋಗುತ್ತೆ. ‘ಬಿಡಿ ಸಾರ್, ಇನ್ನೂ ಸಡಿಲ ಬಿಡಿ’ ಅಂದರು. ಮುಂದೆ 9, ಹಿಂದೆ 11ಕ್ಕೆ ಬಂದಾಗ ಪಟ್ಟಿಗಳು ಸದ್ದಾಗಿ ಮಾತ್ರ ಉಳಿದವು.

ಹಂಪ್‌ಗಳದ್ದು ಬೇರೆ ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. 25 ಕಿ.ಮೀ. ವೇಗದಲ್ಲಿ ದಾಟುವ ಲೆಕ್ಕ ಅದು. ನಮ್ಮ ಹಳ್ಳಿ ರಸ್ತೆಗಳಲ್ಲಿ ಎತ್ತರ ಸಿಗುತ್ತೆ, ಅಗಲ ಸಿಗಲ್ಲ. ಅಂಥ ಗೋಡೆಯಂಥ ಹಂಪ್‌ಗೆ ಯಾವ ಶಾಕೂ ಪೂರ್ತಿ ಉತ್ತರ ಕೊಡಲ್ಲ. ನಿಧಾನವಾಗಿಯೇ ದಾಟಬೇಕು. ಬದಲಾದದ್ದು ಆಮೇಲಿನ ಗಳಿಗೆ. ಹಂಪ್ ಇಳಿದ ಮೇಲೆ ಗಾಡಿ ಒಮ್ಮೆ ಕೂತು ಅಲ್ಲಿಗೇ ನಿಲ್ಲುತ್ತೆ.

ಮುಂದಿನ ಭಾನುವಾರ ಗಾಡಿ ತುಂಬ ಜನ. ಭಾರ ಹೆಚ್ಚಿದರೆ ಸ್ಪ್ರಿಂಗ್ ಎಗರುವ ರಭಸವೂ ಹೆಚ್ಚು. ಅದಕ್ಕೆ ಹಿಂದಿನ ನಾಬ್‌ಗಳನ್ನು 6ಕ್ಕೆ ಬಿಗಿ ಮಾಡಿದೆ. ಡಿಕ್ಕಿಯ ಹೊದಿಕೆ ಸರಿಸಿದರೆ ಕೈಗೆ ಸಿಗುತ್ತವೆ, ಟೂಲ್ ಏನೂ ಬೇಡ. ಬರುವಾಗ ಕಾಯಿ ಮೂಟೆಯೂ ಸೇರಿತ್ತು, ತಳ ಎಲ್ಲೂ ಉಜ್ಜಲಿಲ್ಲ. ಊರು ದಾಟಿ ಸುಮಾರು ದೂರ ಬಂದ ಮೇಲೆ ಅಮ್ಮ ‘ರೋಡ್ ಹೊಸದಾಗಿ ಮಾಡಿದಾರೇನಪ್ಪಾ?’ ಅಂದರು.

ಈಗ ಖಾಲಿ ಇದ್ದಾಗ 9 ಮತ್ತು 11, ತುಂಬಿದಾಗ 9 ಮತ್ತು 6. ಸ್ಪ್ರಿಂಗ್ ಚೆನ್ನಾಗಿ ಕೂತ ಮೇಲೆ ಅಲೈನ್ಮೆಂಟ್ ಇನ್ನೊಮ್ಮೆ ನೋಡಿಸಿದೆ. ಉಳಿದಿರುವುದು ರಿಂಗ್ ತಿರುಗುವ ಥ್ರೆಡ್‌ಗಳ ಆರೈಕೆ. ಮಳೆ ನೀರಿನ ಜೊತೆ ಕೆಮ್ಮಣ್ಣು ಸೇರಿ ಒಣಗಿದರೆ ರಿಂಗ್ ಕಚ್ಚಿಕೊಳ್ಳುತ್ತೆ, ಆಮೇಲೆ ಎತ್ತರ ಹೊಂದಿಸಲು ಆಗಲ್ಲ. ಮಳೆಗಾಲ ಮುಗಿದ ಕೂಡಲೇ ಶಿರಾ ಗೇಟಿಗೆ ಹೋಗಿ ತೊಳೆಸಿ, ಲಾಕ್ ರಿಂಗ್ ಒಮ್ಮೆ ಬಿಚ್ಚಿಸಿ ಮತ್ತೆ ಬಿಗಿ ಮಾಡಿಸಬೇಕು.